ಚಾರ್ಟಪ್ಪನ ಬಿಡುವು ಪದ್ಧತಿ

"ನೆನಪು ಅಂದ್ರೆ ಏನು ಮಹಾ? ಅದೂ ಒಂದು ಬಸ್ಸು ಕಣೇ! ಸರಿಯಾದ ಹೊತ್ತಿಗೆ ಬಿಟ್ರೆ ಸರಿಯಾದ ಹೊತ್ತಿಗೆ ಬಂದು ನಿಲ್ಲುತ್ತೆ. ಇವತ್ತಿನಿಂದ ನಿನ್ನ ಓದಿನ ಜವಾಬ್ದಾರಿ ನಂದು!"

ಅಡುಗೆಮನೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ಚಾರ್ಟಪ್ಪ ಈ ಘೋರ ಪ್ರತಿಜ್ಞೆ ಮಾಡಿದಾಗ ಅವನ ಹೆಂಡತಿಯ ಒಂದು ಕೈಯಲ್ಲಿ ಸೌಟಿತ್ತು, ಇನ್ನೊಂದು ಕೈಯಲ್ಲಿ ರಟ್ಟಿನ ಚೀಟಿಗಳ ದಪ್ಪ ಕಟ್ಟಿತ್ತು. ಒಲೆಯ ಮೇಲಿದ್ದ ಈರುಳ್ಳಿ ಮಾತ್ರ ಯಾರ ಕೈಗೂ ಸಿಗದೆ ಕರ್ರಗೆ ಸೀಯುತ್ತಿತ್ತು.

ಚಾರ್ಟಪ್ಪ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ, ಡ್ರೈವರುಗಳು ಇಟ್ಟದ್ದು. ಬಸ್ ಡಿಪೋದಲ್ಲಿ ಯಾವ ಬಸ್ಸು ಯಾವ ದಾರಿಗೆ, ಯಾವ ಹೊತ್ತಿಗೆ ಹೊರಡಬೇಕೆಂದು ಗೋಡೆಯಗಲದ ಚಾರ್ಟು ಬರೆಯುವುದೇ ಅವನ ಉದ್ಯೋಗ. ಜನ ತುಂಬಿ ಬರುವ ದಾರಿಗೆ ಟ್ರಿಪ್ಪು ಹೆಚ್ಚಿಸುವುದು, ಸೀಟು ಖಾಲಿ ಬರುವ ದಾರಿಯ ಟ್ರಿಪ್ಪು ಕತ್ತರಿಸುವುದು. ಇಷ್ಟರಲ್ಲೇ ಅವನ ಇಡೀ ತತ್ತ್ವಶಾಸ್ತ್ರ ಮುಗಿಯುತ್ತಿತ್ತು. ಲೋಕದ ಯಾವ ಕಷ್ಟಕ್ಕೂ ಚಾರ್ಟಿನಲ್ಲಿ ಮದ್ದಿದೆ ಎಂದು ನಂಬಿದವನು ಅವನು. ಮಗಳಿಗೆ ಶೀತವಾದಾಗ ಸೀನಿಗೂ ಒಂದು ವೇಳಾಪಟ್ಟಿ ಬರೆದಿದ್ದನೆಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಸೀನು ಪಾಲಿಸಲಿಲ್ಲ, ಅಷ್ಟೇ.

ಹೆಂಡತಿ ಕಬ್ಬಿಣದ ಗೋದಾಮಿನಲ್ಲಿ ಕ್ರೇನು ನಡೆಸುತ್ತಿದ್ದಳು. ತಗಡಿನ ಸೂರಿಗೆ ಅಂಟಿಕೊಂಡಂತಿದ್ದ ಗೂಡಿನಲ್ಲಿ ಕೂತು ದಿನವಿಡೀ ಕಂಬಿಗಳ ಕಟ್ಟನ್ನು ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಲಾರಿಗೆ ಸಾಗಿಸುವ ಕೆಲಸ. ಸೂರಿನಲ್ಲಿ ಒಂದು ತಗಡು ಒಡೆದಿತ್ತು. ಆ ಕಿಂಡಿಯಿಂದ, ದೂರದಲ್ಲಿ ಏಳುತ್ತಿದ್ದ ಬಹುಮಹಡಿ ಕಟ್ಟಡವೂ ಅದರ ನೆತ್ತಿಯ ಮೇಲೆ ಆಕಾಶವನ್ನು ಸವರುತ್ತ ತಿರುಗುವ ದೊಡ್ಡ ಕ್ರೇನೂ ಕಾಣುತ್ತಿದ್ದವು. ನೋಡಿ ನೋಡಿ ಅವಳಿಗೆ ಅದರ ಮೇಲೆ ಮನಸ್ಸಾಗಿಬಿಟ್ಟಿತ್ತು. ಅಲ್ಲಿನ ಆಪರೇಟರ್ ಕೆಲಸ ಬಿಡುತ್ತಾನೆಂಬ ಸುದ್ದಿ ಸಿಕ್ಕಿದ್ದೇ ತಡ, ದೊಡ್ಡ ಕ್ರೇನಿನ ಲೈಸೆನ್ಸಿಗೆ ಅರ್ಜಿ ಹಾಕಿದಳು. ಪರೀಕ್ಷೆ ಆ ಕ್ರೇನಿನ ಮೇಲೆಯೇ. ಅದೇನೋ ಸರಳ. ಕೆಳಗೆ ನಿಂತವನು ಕೈಸನ್ನೆ ಮಾಡುತ್ತಾನೆ. ಮೇಲೆ ಕೂತವಳು ಅದರಂತೆ ಕ್ರೇನು ಆಡಿಸಬೇಕು. ಸನ್ನೆಯನ್ನು ತಪ್ಪಾಗಿ ಓದಿ ಕೈ ಆಡಿಸಿದರೆ ಸೀದಾ ಮನೆಗೆ! ಮತ್ತೆ ಕೂರಬೇಕೆಂದರೆ ಮುಂದಿನ ವರ್ಷ. ಅಷ್ಟರಲ್ಲಿ ಆ ಸೀಟಿನಲ್ಲಿ ಬೇರೆ ಯಾರೋ ಕೂತು ಬೇರು ಬಿಟ್ಟಿರುತ್ತಾರೆ.

ಅದಕ್ಕೇ ಈ ಚೀಟಿಗಳ ಕಟ್ಟು. ಮುಂದೆ ಸನ್ನೆಯ ಚಿತ್ರ, ಹಿಂದೆ ಅದರ ಅರ್ಥ. ದಿನಾ ಬೆಳಿಗ್ಗೆ ಒಲೆಯ ಮುಂದೆ ನಿಂತು, ಮೇಲಿನ ಚೀಟಿಯಿಂದ ಕೆಳಗಿನದರವರೆಗೆ ಒಂದೂ ಬಿಡದೆ ಓದುತ್ತಿದ್ದಳು. ಕೆಳಗಿನದು ಬರುವ ಹೊತ್ತಿಗೆ ಮೇಲಿನದು ಮರೆತಿರುತ್ತಿತ್ತು, ಈರುಳ್ಳಿ ಸೀದಿರುತ್ತಿತ್ತು.

"ಗೊತ್ತಿರೋದನ್ನೂ ಓದ್ತೀಯ, ಗೊತ್ತಿಲ್ಲದ್ದನ್ನೂ ಓದ್ತೀಯ. ಎರಡಕ್ಕೂ ಅಷ್ಟೇ ಹೊತ್ತು! ಇದು ಓದಲ್ಲ ಕಣೇ, ಡೀಸೆಲ್ ದಂಡ!" ಎಂದ ಚಾರ್ಟಪ್ಪ.

"ಹಾಗಾದ್ರೆ ಏನು ಬೇಕು ಅಂತೀರಿ?"

"ಬಿಡುವು!"

"ಯಾರಿಗೆ? ನನಗಾ?" ಹೆಂಡತಿಯ ಮುಖ ಅರಳಿತು.

"ನಿನಗಲ್ಲ, ಚೀಟಿಗೆ!"

ಈ ಜ್ಞಾನ ಅವನಿಗೆ ಒದಗಿದ್ದು ಕ್ಷೌರದಂಗಡಿಯಲ್ಲಿ. ಸರದಿ ಕಾಯುತ್ತ ಕೂತಾಗ ಕೈಗೆ ಸಿಕ್ಕ ಹಳೆಯ ವಾರಪತ್ರಿಕೆಯಲ್ಲಿ, ಓದಿದ್ದು ಮರೆಯದಿರಲು ಏನು ಮಾಡಬೇಕೆಂಬ ಲೇಖನವಿತ್ತು. ಚೀಟಿಗಳನ್ನು ಡಬ್ಬಿಗಳಲ್ಲಿ ವಿಂಗಡಿಸಬೇಕು. ಮೊದಲ ಡಬ್ಬಿಯದನ್ನು ದಿನಾ ತೆಗೆಯಬೇಕು, ಎರಡನೆಯದನ್ನು ಕೆಲವು ದಿನ ಬಿಟ್ಟು, ಮೂರನೆಯದನ್ನು ವಾರ ಬಿಟ್ಟು, ಕೊನೆಯದನ್ನು ತಿಂಗಳು ಬಿಟ್ಟು. ಇನ್ನೇನು ಮರೆಯಬೇಕು ಅನ್ನುವಷ್ಟರಲ್ಲಿ ನೆನಪಿಸಿದರೆ ನೆನಪು ಕಲ್ಲಿನಂತೆ ಗಟ್ಟಿಯಾಗುತ್ತದೆ. ಇಷ್ಟು ಓದಿ ಪುಟ ತಿರುಗಿಸಿದರೆ ಮುಂದಿನ ಪುಟವೇ ಇಲ್ಲ! ಕ್ಷೌರಿಕ ಅದನ್ನು ಹರಿದು ಕತ್ತಿಯ ನೊರೆ ಒರೆಸಿದ್ದ. ಯಾವ ಚೀಟಿ ಯಾವ ಡಬ್ಬಿಗೆ ಎಂಬ ಮುಖ್ಯ ಸಂಗತಿ ನೊರೆಯ ಜೊತೆಗೆ ಕಸದ ಬುಟ್ಟಿ ಸೇರಿತ್ತು.

ಬೇರೆ ಯಾರಾದರೂ ಆಗಿದ್ದರೆ ಪತ್ರಿಕೆಯ ಇನ್ನೊಂದು ಪ್ರತಿ ಹುಡುಕುತ್ತಿದ್ದರು. ಚಾರ್ಟಪ್ಪ ನಕ್ಕು ಪತ್ರಿಕೆ ಮಡಚಿಟ್ಟ. ಉಳಿದರ್ಧವನ್ನು ತನಗೆ ಯಾರಾದರೂ ಹೇಳಿಕೊಡಬೇಕೇ? ಜನ್ಮವಿಡೀ ತಾನು ಮಾಡಿಕೊಂಡು ಬಂದದ್ದೇ ಅದಲ್ಲವೇ!

ಅಂದೇ ನಾಲ್ಕು ಬಿಸ್ಕತ್ತಿನ ಡಬ್ಬಿಗಳು ಖಾಲಿಯಾದವು. ಖಾಲಿ ಮಾಡುವ ಕೆಲಸದಲ್ಲಿ ಹೈಸ್ಕೂಲಿನ ಮಗಳು ಮನಃಪೂರ್ವಕವಾಗಿ ನೆರವಾದಳು. ನಡುಮನೆಯ ಗೋಡೆಗೆ ಚಾರ್ಟು ಬಂತು. ಚಾರ್ಟಪ್ಪ ಕುರ್ಚಿಯ ಮೇಲೆ ನಿಂತು ಒಂದೊಂದೇ ಚೀಟಿ ಎತ್ತಿ ತೋರಿಸಿದ. ತೋರುಬೆರಳು ಮೇಲೆತ್ತಿ ಸುತ್ತಿಸಿದರೆ?

"ಮೇಲೆತ್ತು!"

"ಶಭಾಷ್! ಗೆದ್ದ ದಾರಿ! ಮೊದಲ ಡಬ್ಬಿಗೆ, ದಿನಾ ಟ್ರಿಪ್ಪು!"

ಮೊಣಕೈಯನ್ನು ಇನ್ನೊಂದು ಕೈಯಿಂದ ತಟ್ಟಿದರೆ?

"ಅದು... ಸೊಳ್ಳೆ ಕಚ್ಚಿತು ಅಂತಲಾ?"

"ನಷ್ಟದ ದಾರಿ! ನಾಲ್ಕನೇ ಡಬ್ಬಿಗೆ, ತಿಂಗಳಿಗೊಂದೇ ಟ್ರಿಪ್ಪು!"

ಹೀಗೆ ಹೆಂಡತಿಗೆ ಚೆನ್ನಾಗಿ ಗೊತ್ತಿದ್ದ ಸನ್ನೆಗಳೆಲ್ಲ ದಿನಾ ಕೇಳುವ ಡಬ್ಬಿಗೂ, ಏನೇನೂ ಗೊತ್ತಿಲ್ಲದ ಸನ್ನೆಗಳೆಲ್ಲ ತಿಂಗಳು ಬಿಟ್ಟು ಕೇಳುವ ಡಬ್ಬಿಗೂ ಸಾಂಗವಾಗಿ ಸೇರಿಕೊಂಡವು.

ಆಮೇಲೆ ನೋಡಬೇಕಿತ್ತು ಆ ಮನೆಯ ವೈಭವವನ್ನು! ದಿನಾ ಸಂಜೆ ಚಾರ್ಟಪ್ಪ ಮೊದಲ ಡಬ್ಬಿ ತೆಗೆಯುವನು, ಹೆಂಡತಿ ಪಟಪಟನೆ ಉತ್ತರಿಸುವಳು. ಮೇಲೆತ್ತು, ಕೆಳಗಿಳಿಸು, ಎಡಕ್ಕೆ, ಬಲಕ್ಕೆ, ನಿಲ್ಲಿಸು! ಶಭಾಷ್, ಶಭಾಷ್, ಶಭಾಷ್! ಚೀಟಿ ಮುಗಿಯಲು ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಬೇಡವಾಯಿತು. ಈರುಳ್ಳಿ ಹದವಾಗಿ ಬಾಡತೊಡಗಿತು. ಡಿಪೋದಲ್ಲಿ ಚಾರ್ಟಪ್ಪ, "ನನ್ನ ಹೆಂಡತಿ ಒಂದೂ ತಪ್ಪು ಮಾಡಲ್ಲ. ಪದ್ಧತಿ ಅಂದ್ರೆ ಅದು!" ಎಂದು ಎದೆಯುಬ್ಬಿಸಿ ತಿರುಗಿದ.

ಹೆಂಡತಿಗೆ ಅನುಮಾನ ಬರದೇ ಇರಲಿಲ್ಲ.

"ರೀ, ದಿನಾ ಅದದೇ ಬರ್ತಿದೆಯಲ್ಲ? ಆ ಮೊಣಕೈ ತಟ್ಟೋದು, ಹೆಬ್ಬೆರಳು ತಿರುಗಿಸೋದು, ಅವೆಲ್ಲ ಎಲ್ಲಿ ಹೋದವು?"

"ಅವು ಬಿಡುವಿನಲ್ಲಿವೆ."

"ಅವು ನನಗೆ ಬರಲ್ಲ ಕಣ್ರೀ."

"ಬರಲ್ಲ ಅಂತಲೇ ಬಿಡುವು ಕೊಟ್ಟಿರೋದು! ಗಂಟು ಬಿದ್ದ ದಾರಾನ ಎಳೆದಷ್ಟೂ ಬಿಗಿಯಾಗುತ್ತೆ. ಬಿಟ್ಟರೆ ತಾನಾಗೇ ಸಡಿಲ ಆಗುತ್ತೆ. ಮಿದುಳೂ ಹಾಗೇ. ವಿಜ್ಞಾನ ಕಣೇ, ವಿಜ್ಞಾನ!"

ದಿನವಿಡೀ ತಗಡಿನ ಕೆಳಗೆ ಬೆಂದು ಬಂದವಳಿಗೆ ವಿಜ್ಞಾನದ ಜೊತೆ ಜಗಳವಾಡುವ ಶಕ್ತಿ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಮದುವೆಯಾದಂದಿನಿಂದ ಗಂಡ ಅವಳಿಗೆ ಇಷ್ಟೊಂದು ಸಲ ಶಭಾಷ್ ಎಂದಿರಲಿಲ್ಲ. ಕೇಳಲು ಹಿತವಾಗಿತ್ತು. ಸುಮ್ಮನಾದಳು.

ಪರೀಕ್ಷೆಯ ಹಿಂದಿನ ದಿನ ಸಂಜೆ ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ನಡುಮನೆಯಲ್ಲಿ ನಿಂತಳು. ಚಾರ್ಟಪ್ಪ ಆರಾಮಾಗಿ ಕಾಲು ಚಾಚಿ ಕೂತಿದ್ದ. ಹೆಂಡತಿ ಮುಷ್ಟಿ ಕಟ್ಟಿ ತನ್ನ ನೆತ್ತಿಯ ಮೇಲೆ ಟಕ್ ಟಕ್ಕೆಂದು ಬಡಿದುಕೊಂಡಳು.

"ಯಾಕೇ, ತಲೆನೋವಾ?"

"ಇದೇನು ಹೇಳಿ."

"ಯಾವುದು?"

"ಈ ಸನ್ನೆ! ಗೋದಾಮಲ್ಲಿ ಲೈಸೆನ್ಸ್ ಇರೋ ಅಣ್ಣ ಒಬ್ಬರು ಹೀಗೆ ಮಾಡಿ, 'ಏನು ಹೇಳಮ್ಮಾ ನೋಡೋಣ' ಅಂದ್ರು. ತಲೆ ಕೆಟ್ಟಿದೆ ಅಂತ ಇರಬೇಕು ಅಂದೆ. ಎಲ್ಲರೂ ನಕ್ಕರು ರೀ."

"ಓಹೋ, ಅದಾ! ದೊಡ್ಡ ಕೊಕ್ಕೆ ಬಳಸು ಅಂತ. ಎಲ್ಲಿಗೂ ಹೋಗಿಲ್ಲ, ಭದ್ರವಾಗಿ ನಾಲ್ಕನೇ ಡಬ್ಬೀಲಿದೆ."

"ನಾಲ್ಕನೇ ಡಬ್ಬಿ ಯಾವಾಗ ತೆಗೀತೀರಿ?"

ಚಾರ್ಟಪ್ಪ ಎದ್ದು ಗೋಡೆಯ ಚಾರ್ಟಿನ ಮೇಲೆ ಬೆರಳಾಡಿಸಿದ. ಬೆರಳು ಹೋಯಿತು, ಹೋಯಿತು, ಚಾರ್ಟಿನ ಅಂಚಿನವರೆಗೂ ಹೋಯಿತು.

"ಬರೋ... ಬರೋ ತಿಂಗಳು."

"ಪರೀಕ್ಷೆ ಯಾವಾಗ?"

ಅವನ ಬೆರಳು ಗೋಡೆಗೆ ಅಂಟಿಕೊಂಡಿತು.

"ನಾಳೆ."

ಮೂಲೆಯಲ್ಲಿ ಲೆಕ್ಕ ಮಾಡುತ್ತಿದ್ದ ಮಗಳು ಪೆನ್ಸಿಲ್ ಕಚ್ಚುವುದನ್ನು ನಿಲ್ಲಿಸಿದಳು.

"ಅಪ್ಪಾ, ಅಮ್ಮಂಗೆ ಬರೋದನ್ನೆಲ್ಲ ದಿನಾ ಕೇಳಿ, ಬರದೇ ಇರೋದನ್ನ ಬಚ್ಚಿಟ್ಟಿದ್ಯಾ?"

"ಬಚ್ಚಿಡಲಿಲ್ಲ ಪುಟ್ಟೀ. ಬಿಡುವು ಕೊಟ್ಟೆ."

"ಅಯ್ಯೋ, ಅದು ಉಲ್ಟಾ ಅಪ್ಪಾ! ಬರೋದಕ್ಕೆ ಬಿಡುವು. ಬರದೇ ಇರೋದನ್ನ ದಿನಾ ಕೇಳಬೇಕು!"

"ಮೊದಲೇ ಬಾಯಿ ಬಿಡೋಕೆ ಏನಾಗಿತ್ತು ನಿನಗೆ?"

"ಬಾಯಿ ತುಂಬ ಬಿಸ್ಕತ್ತು ತುಂಬಿಸಿ ಕಳಿಸಿದ್ದು ನೀನೇ ಅಲ್ವಾ!"

ಇನ್ನು ಹೆಂಡತಿ ಕಿರುಚುತ್ತಾಳೆ, ಸೌಟು ಹಾರುತ್ತದೆ ಎಂದು ಚಾರ್ಟಪ್ಪ ಕಣ್ಣು ಅರೆಮುಚ್ಚಿ ಕಾದ. ಏನೂ ಹಾರಲಿಲ್ಲ. ಅವಳು ಚಪ್ಪಲಿ ಬಿಟ್ಟಳು. ನಾಲ್ಕನೇ ಡಬ್ಬಿ ತೆಗೆದುಕೊಂಡಳು. ಇಷ್ಟು ದಿನ ಮುಟ್ಟದೆ ಮುಚ್ಚಳ ಬಿಗಿದುಕೊಂಡಿತ್ತು. ಸೆರಗಿನಿಂದ ಹಿಡಿದು ತಿರುಗಿಸಿ ನೆಲದ ಮೇಲೆ ಬೋರಲು ಹಾಕಿದಳು. ಚೀಟಿಗಳು ಗುಡ್ಡೆಯಾಗಿ ಬಿದ್ದವು.

"ಇಷ್ಟೊಂದಾ?" ಎಂದಳು ಮೆಲ್ಲಗೆ.

ಕಿರುಚಿದ್ದರೇ ವಾಸಿಯಿತ್ತು ಎನಿಸಿತು ಚಾರ್ಟಪ್ಪನಿಗೆ.

"ರೀ, ಸೂರಿನ ಒಡೆದ ತಗಡು ಬದಲಾಯಿಸ್ತಾರಂತೆ. ಇನ್ನು ಆ ದೊಡ್ಡ ಕ್ರೇನು ಕಣ್ಣಿಗೂ ಕಾಣಲ್ಲ. ಸೋತು ಹೋಗಿ ಆ ಮುಚ್ಚಿದ ತಗಡಿನ ಕೆಳಗೆ ಇನ್ನೊಂದು ವರ್ಷ ಕೂರೋಕೆ ನನ್ನ ಕೈಲಾಗಲ್ಲ."

ಚಾರ್ಟಪ್ಪ ಗೋಡೆಯ ಚಾರ್ಟನ್ನು ಕಿತ್ತು ಮಡಚಿ ಮೂಲೆಗಿಟ್ಟ. ಆ ಮನೆಯಲ್ಲಿ ಒಂದು ಚಾರ್ಟು ಅವಧಿಗೆ ಮುಂಚೆ ಕೆಳಗಿಳಿದದ್ದು ಅದೇ ಮೊದಲು.

"ಏಳಿ, ನಡುವೆ ನಿಂತ್ಕೊಳ್ಳಿ. ನೀವು ಸನ್ನೆ ಮಾಡಿ. ಪುಟ್ಟೀ, ಚೀಟಿ ನೀನು ನೋಡ್ಕೋ," ಎಂದಳು ಹೆಂಡತಿ.

ಯುದ್ಧ ಶುರುವಾಯಿತು! ಮಗಳು ಚೀಟಿಯನ್ನು ಅಪ್ಪನಿಗೆ ತೋರಿಸುವಳು. ಅಪ್ಪ ಸನ್ನೆ ಮಾಡುವನು. ಅಮ್ಮ ಅರ್ಥ ಹೇಳುವಳು. ತಪ್ಪಿದರೆ ಆ ಚೀಟಿ ಎರಡು ಮೂರು ಚೀಟಿ ಕಳೆದು ಮತ್ತೆ ಹಾಜರು. ಸರಿಯಾದರೆ ಸ್ವಲ್ಪ ತಡೆದು. ಮತ್ತೆ ಸರಿಯಾದರೆ ಊಟ ಮುಗಿದ ಮೇಲೆ. ಗುಡ್ಡೆ ಇಷ್ಟಿಷ್ಟೇ ಕರಗತೊಡಗಿತು. ಚಾರ್ಟಪ್ಪ ನೆತ್ತಿ ಬಡಿದುಕೊಂಡ, ಮೊಣಕೈ ತಟ್ಟಿಕೊಂಡ, ಹೆಬ್ಬೆರಳು ಆಕಾಶಕ್ಕೆತ್ತಿದ, ಪಾತಾಳಕ್ಕಿಳಿಸಿದ, ಒಂದು ಅಂಗೈಯ ಕೆಳಗೆ ಇನ್ನೊಂದು ಬೆರಳು ಸುತ್ತಿಸಿದ. ಎದುರುಮನೆಯಾಕೆ ಕಿಟಕಿಯಿಂದ ಇದನ್ನು ನೋಡಿ ಗಾಬರಿಯಾಗಿ, ಇರುವೆ ಪುಡಿಯ ಡಬ್ಬ ಹಿಡಿದು ಓಡಿಬಂದಳು.

"ಪಾಪ, ಎಷ್ಟು ಹೊತ್ತಿಂದ ಕಚ್ತಿವೆಯೋ! ಬಟ್ಟೆ ಒಳಗೆ ಹೊಕ್ಕಿವೆ ಅಂತ ಕಾಣುತ್ತೆ!"

ಕಣ್ಣು ಕೆಂಪಗಿದ್ದರೆ ಕ್ರೇನು ಹತ್ತಿಸುವುದಿಲ್ಲವೆಂದು ಹೆಂಡತಿ ಬೇಗನೆ ಮಲಗಿದಳು. ಹತ್ತಾರು ಚೀಟಿ ಇನ್ನೂ ಉಳಿದಿದ್ದವು. ಬೆಳಿಗ್ಗೆ ಬಸ್ಸಿನಲ್ಲಿ ಮುಗಿಸುವುದೆಂದು ತೀರ್ಮಾನವಾಯಿತು.

ಬೆಳಗಿನ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಸಿಕ್ಕಿತು. ಚಾರ್ಟಪ್ಪ ನಡುದಾರಿಯಲ್ಲಿ ಕಂಬಕ್ಕೆ ಬೆನ್ನು ಕೊಟ್ಟು, ಚೀಟಿ ನೋಡಿ ನೋಡಿ ಸನ್ನೆ ಮಾಡತೊಡಗಿದ. ಒಂದಾಯಿತು, ಎರಡಾಯಿತು. ಅವಳ ಉತ್ತರ ಚುರುಕಾಗಿ ಬರುತ್ತಿತ್ತು. ಅವನಿಗೂ ಉಮೇದು ಬಂತು. ಮುಂದಿನ ಚೀಟಿ ನೋಡಿದವನೇ ಎರಡೂ ತೋಳು ಅಗಲವಾಗಿ ಚಾಚಿ, ಅಂಗೈ ಕೆಳಗೆ ಮಾಡಿ, ರಪರಪನೆ ಬೀಸಿದ.

ಮುಂದೆ ಕೂತ ಡ್ರೈವರ್ ಕನ್ನಡಿಯಲ್ಲಿ ಅದನ್ನು ಕಂಡ. ಡಿಪೋದ ಸಾಹೇಬರೇ ಎರಡೂ ಕೈ ಬೀಸುತ್ತಿದ್ದಾರೆಂದರೆ! ಬ್ರೇಕಿನ ಮೇಲೆ ಎದ್ದು ನಿಂತುಬಿಟ್ಟ. ಬಸ್ಸು ಕಿರ್ರೆಂದು ಅರಚಿ ಮೂಗು ನೆಲಕ್ಕೆ ಊರಿತು. ಹಿಂದಿನವರು ಮುಂದಿನವರ ಮೇಲೆ, ಮುಂದಿನವರು ಚೀಲಗಳ ಮೇಲೆ, ಚೀಲಗಳು ಚಾರ್ಟಪ್ಪನ ಮೇಲೆ!

"ಚಾರ್ಟಪ್ನೋರೇ! ಯಾರು ಬಿದ್ರು? ಎಲ್ಲಿ ಬಿದ್ರು?" ಡ್ರೈವರ್ ನಡುಗುತ್ತ ಓಡಿಬಂದ.

ಚೀಲಗಳ ಅಡಿಯಿಂದ ಉತ್ತರ ಬಂತು. "ಯಾರೂ ಬಿದ್ದಿಲ್ಲಪ್ಪಾ. ಪಾಠ ಹೇಳ್ಕೊಡ್ತಿದ್ದೆ."

"ಪಾಠಾನಾ? ನನ್ನ ಜೀವ ಬಾಯಿಗೆ ಬಂದಿತ್ತಲ್ರೀ!"

"ತುರ್ತು ನಿಲುಗಡೆ," ಎಂದಳು ಹೆಂಡತಿ, ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದುಕೊಂಡೇ. "ಇದನ್ನ ಮಾತ್ರ ಸಾಯೋವರೆಗೂ ಮರೆಯಲ್ಲ."

ನಿಂತ ಬಸ್ಸು ಮತ್ತೆ ಹೊರಡಲು ಒಪ್ಪಲಿಲ್ಲ. ಕೀಲಿ ತಿರುಗಿಸಿದಾಗಲೆಲ್ಲ ಎಂಜಿನ್ನು ಮುದುಕನಂತೆ ಕೆಮ್ಮಿ ಸುಮ್ಮನಾಗುತ್ತಿತ್ತು. ಹೆಂಡತಿ ಗಡಿಯಾರ ನೋಡಿಕೊಂಡಳು. ಅವಳ ತುಟಿ ಬಿಳಿಚಿಕೊಂಡಿತು.

"ಮುಂದಿನ ಬಸ್ಸು ಯಾವಾಗಪ್ಪಾ?" ಒಬ್ಬ ಅಜ್ಜಿ ಕೇಳಿದಳು.

ಡ್ರೈವರ್ ಕೈಯ ಎಣ್ಣೆ ಒರೆಸಿಕೊಳ್ಳುತ್ತ, "ಚಾರ್ಟು ಬರೆದೋರು ಇಲ್ಲೇ ನಿಂತಿದಾರೆ. ಅವರನ್ನೇ ಕೇಳಮ್ಮ" ಎಂದ.

ಬಸ್ಸಿನಲ್ಲಿದ್ದ ಕಣ್ಣುಗಳೆಲ್ಲ ಒಟ್ಟಿಗೆ ತಿರುಗಿದವು. ಚಾರ್ಟಪ್ಪ ಕಂಬದ ಹಿಂದೆ ಅವಿತುಕೊಳ್ಳಲು ನೋಡಿದ. ಕಂಬ ತೆಳ್ಳಗಿತ್ತು.

"ಮಧ್ಯಾಹ್ನ," ಎಂದ ಪಿಸುದನಿಯಲ್ಲಿ.

"ಮಧ್ಯಾಹ್ನಾನಾ! ಈಗ ಬೆಳಿಗ್ಗೆ ಇನ್ನೊಂದು ಇತ್ತಲ್ಲ?"

"ಇತ್ತು ಅಜ್ಜಿ. ಸೀಟೆಲ್ಲ ಖಾಲಿ ಬರ್ತಿತ್ತು ಅಂತ... ತೆಗೆದೆ."

"ಖಾಲಿ ಎಲ್ಲಿ ಬರ್ತಿತ್ತು? ದಿನಾ ನಾನು ಬರ್ತಿದ್ನಲ್ಲ! ನಾನು ಲೆಕ್ಕಕ್ಕಿಲ್ವಾ?"

ಎಷ್ಟೋ ವರ್ಷ ಚಾರ್ಟು ಬರೆದವನಿಗೆ ಖಾಲಿ ಸೀಟುಗಳನ್ನು ಮಾತ್ರ ಎಣಿಸಿ ಅಭ್ಯಾಸ. ಅವುಗಳ ಪಕ್ಕ ಕೂತವರ ಮುಖ ನೋಡಿದ್ದು ಅವನು ಇದೇ ಮೊದಲು.

"ಇಳೀರಿ. ನಡೆದೇ ಹೋಗೋಣ," ಎಂದು ಹೆಂಡತಿ ಅವನ ತೋಳು ಹಿಡಿದೆಳೆದಳು.

ನಡಿಗೆ ಎಂದರೆ ನಡಿಗೆಯೇ ಅದು! ಅವಳು ದಾಪುಗಾಲು ಹಾಕುತ್ತಿದ್ದಳು. ಚಾರ್ಟಪ್ಪ ಅವಳ ಮುಂದೆ ಮುಂದೆ, ಅವಳ ಕಡೆಗೇ ಮುಖ ಮಾಡಿಕೊಂಡು, ಹಿಮ್ಮುಖವಾಗಿ ಓಡುತ್ತ ಸನ್ನೆ ಮಾಡುತ್ತಿದ್ದ. ಸೈಕಲ್ಲಿನವರು ಬೈದು ಪಕ್ಕಕ್ಕೆ ಸರಿದರು. ನಾಯಿಯೊಂದು ಬೊಗಳುತ್ತ ಸ್ವಲ್ಪ ದೂರ ಜೊತೆಗೆ ಬಂತು. "ಸಣ್ಣ ಕೊಕ್ಕೆ!" "ಸರಿ!" "ತೋಳು ಮೇಲಕ್ಕೆ!" "ಸರಿ!" "ತೋಳು ಇಳಿಸು, ನಿಧಾನಕ್ಕೆ!" "ಸರಿ, ಸರಿ!" ಬಹುಮಹಡಿ ಕಟ್ಟಡ ಹತ್ತಿರವಾಯಿತು. ದೊಡ್ಡ ಕ್ರೇನಿನ ನೆರಳು ರಸ್ತೆಯ ಮೇಲೆ ಬಿದ್ದಿತ್ತು. ಕೊನೆಗೆ ಉಳಿದದ್ದು ಒಂದೇ ಒಂದು ಚೀಟಿ. ಅದಕ್ಕೆ ಎರಡೂ ಕೈ ಬೇಕಿತ್ತು. ಚಾರ್ಟಪ್ಪ ಚೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೈಯೆತ್ತಿದ.

ಎತ್ತಿದವನು ಹಾಗೇ ಮಾಯವಾದ!

ಅವನ ಬೆನ್ನ ಹಿಂದೆ ಗಾರೆಯವನೊಬ್ಬ ಆಗಷ್ಟೇ ಸಿಮೆಂಟು ಕಲಸಿ ಗುಡ್ಡೆ ಮಾಡಿಟ್ಟಿದ್ದ. ಚಾರ್ಟಪ್ಪ ಅದರೊಳಗೆ ಸೊಂಟದವರೆಗೂ ಆಸೀನನಾಗಿದ್ದ.

"ಅಯ್ಯೋ ಸ್ವಾಮೀ, ಈಗ ತಾನೇ ಹದ ಮಾಡಿದ್ದೆ!" ಎಂದು ಗಾರೆಯವನು ತಲೆಯ ಮೇಲೆ ಕೈ ಹೊತ್ತ.

ಹೆಂಡತಿ ಮೊದಲು ಗಂಡನನ್ನು ಎಳೆದಳು, ಆಮೇಲೆ ಚೀಟಿಯನ್ನು. ಎರಡೂ ಬೂದುಬಣ್ಣಕ್ಕೆ ತಿರುಗಿದ್ದವು. ಚಿತ್ರವೂ ಇಲ್ಲ, ಅರ್ಥವೂ ಇಲ್ಲ.

"ಏನಿತ್ತು ರೀ ಇದರಲ್ಲಿ?"

"ಎರಡೂ ಕೈ... ಮುಂದಿತ್ತು."

"ಮುಂದಿಟ್ಟು ಏನು?"

"ಇರು, ಬಂತು... ನಾಲಿಗೆ ತುದೀಲಿದೆ ಕಣೇ..."

"ಬೇಗ ಹೇಳ್ರೀ! ಹೆಸರು ಕೂಗ್ತಿದಾರೆ!"

ನಾಲಿಗೆಯ ತುದಿಯಲ್ಲಿದ್ದದ್ದು ಸಿಮೆಂಟು ಮಾತ್ರ. ಹೆಂಡತಿ ಅವನ ಮುಖವನ್ನೊಮ್ಮೆ ನೋಡಿ, ಬೂದು ಚೀಟಿಯನ್ನು ಅವನ ಕೈಯಲ್ಲಿಟ್ಟು, ಗೇಟಿನ ಒಳಗೆ ಓಡಿದಳು.

ಪರೀಕ್ಷಕರು ಬಿಳಿ ಹೆಲ್ಮೆಟ್ಟಿನ ಮನುಷ್ಯ. ನಗುವನ್ನು ಬೆಳಿಗ್ಗೆ ಹೊರಡುವಾಗ ಮನೆಯಲ್ಲೇ ಮರೆತು ಬಂದಂತಿದ್ದರು. ಅವಳಿಗಿಂತ ಮೊದಲು ಇಬ್ಬರು ಹತ್ತಿ, ಇಬ್ಬರೂ ತಲೆತಗ್ಗಿಸಿ ಇಳಿದಿದ್ದರು. ಅವಳು ಹೆಲ್ಮೆಟ್ಟು ಬಿಗಿದುಕೊಂಡು ಏಣಿ ಹತ್ತತೊಡಗಿದಳು. ಹತ್ತಿದಳು, ಹತ್ತಿದಳು, ಕಡ್ಡಿಯಷ್ಟಾದಳು, ಚುಕ್ಕೆಯಷ್ಟಾದಳು. ತಂತಿ ಬೇಲಿಯ ಹೊರಗೆ ನಿಂತ ಚಾರ್ಟಪ್ಪ ಕತ್ತು ಚಾಚಿ ನೋಡುತ್ತಿದ್ದ. ಬಿಸಿಲಿಗೆ ಅವನ ಪ್ಯಾಂಟಿನ ಸಿಮೆಂಟು ನಿಧಾನವಾಗಿ ಗಟ್ಟಿಯಾಗುತ್ತಿತ್ತು.

ಕೆಳಗೆ ನಿಂತ ಸಿಗ್ನಲ್‌ನವನು ನೆತ್ತಿ ಬಡಿದುಕೊಂಡ. ದೊಡ್ಡ ಕೊಕ್ಕೆ ಇಳಿದು ಬಂತು. ಚಾರ್ಟಪ್ಪ ಉಸಿರು ಬಿಟ್ಟ. ಸಿಗ್ನಲ್‌ನವನು ಬೆರಳು ಸುತ್ತಿಸಿದ. ತೊಲೆಗಳ ಕಟ್ಟು ನೆಲ ಬಿಟ್ಟು ಮೇಲೆದ್ದಿತು. ಕ್ರೇನಿನ ತೋಳು ಬಲಕ್ಕೆ ತಿರುಗಿತು, ನಿಧಾನವಾಯಿತು, ನಿಂತಿತು. ಅಲುಗಾಟವೇ ಇಲ್ಲ! ಒಂದೊಂದು ಸನ್ನೆಗೂ ಚಾರ್ಟಪ್ಪ ಬೇಲಿಯ ತಂತಿಯನ್ನು ಬಿಗಿಯಾಗಿ ಹಿಡಿಯುವನು, ಕೊಕ್ಕೆ ಸರಿಯಾಗಿ ಆಡಿದೊಡನೆ ಬಿಡುವನು. ಕಟ್ಟು ನೆಲಕ್ಕೂ ಆಕಾಶಕ್ಕೂ ನಡುವೆ ತೂಗುತ್ತಿತ್ತು.

ಆಗ ಸಿಗ್ನಲ್‌ನವನು ಎರಡೂ ಕೈ ಹೊಟ್ಟೆಯ ಮುಂದೆ ತಂದು, ಬೆರಳು ಹೆಣೆದು, ವಿನಯವಂತ ಅಳಿಯನಂತೆ ನಿಂತ.

ಚಾರ್ಟಪ್ಪ ಬೇಲಿಗೆ ಮೂಗು ಒತ್ತಿದ. ಅದೇ! ಅದೇ ಚೀಟಿ! ಅರ್ಥ ಈಗ ಥಟ್ಟನೆ ನೆನಪಾಯಿತು. ನೆನಪಾಗಿ ಏನು ಬಂತು? ಅವಳು ಅಷ್ಟು ಎತ್ತರದಲ್ಲಿ, ಇವನು ಬೇಲಿಯ ಹೊರಗೆ. ಕೂಗಿದರೆ ಪರೀಕ್ಷೆ ರದ್ದು. ಬಾಯಿಗೆ ಮುಷ್ಟಿ ತುರುಕಿಕೊಂಡ.

ಕ್ರೇನು ಅಲುಗಲಿಲ್ಲ. ಕೊಕ್ಕೆ ಅಲುಗಲಿಲ್ಲ. ಸಿಗ್ನಲ್‌ನವನು ಕೈ ಹೆಣೆದೇ ನಿಂತ. ಪರೀಕ್ಷಕರು ಕುತ್ತಿಗೆ ಎತ್ತಿ ಮೇಲೆ ನೋಡುತ್ತಲೇ ಇದ್ದರು. ಒಂದು ಕಾಗೆ ಕ್ರೇನಿನ ತೋಳಿನ ಮೇಲೆ ಬಂದು ಕೂತು, ಆಚೀಚೆ ನೋಡಿ, ಬೇಜಾರಾಗಿ ಹಾರಿಹೋಯಿತು. ಇನ್ನೂ ಏನೂ ಅಲುಗಲಿಲ್ಲ. ಮುಗಿಯಿತು, ನನ್ನಿಂದ ಅವಳ ಬಾಳೇ ಮುಗಿಯಿತು ಎಂದು ಚಾರ್ಟಪ್ಪ ಕಣ್ಣು ಮುಚ್ಚಿದ.

ಪರೀಕ್ಷಕರು ಮೈಕು ಎತ್ತಿಕೊಂಡರು. "ಸರಿಯಾಗಿದೆ. ಈ ಸನ್ನೆಯ ಅರ್ಥ ಏನಮ್ಮ?"

ಧ್ವನಿವರ್ಧಕ ಗೊರಗೊರ ಎಂದಿತು. ಮೇಲಿನಿಂದ ಹೆಂಡತಿಯ ಮಾತು ಅಂಗಳಕ್ಕೆಲ್ಲ ಕೇಳಿಸಿತು.

"ಗೊತ್ತಿಲ್ಲ ಸಾರ್."

"ಗೊತ್ತಿಲ್ವಾ? ಮತ್ತೆ ಸರಿಯಾಗಿ ಮಾಡಿದ್ರಲ್ಲ?"

"ನಾನೇನೂ ಮಾಡ್ಲಿಲ್ಲ ಸಾರ್. ಗೊತ್ತಿಲ್ಲದ ಸನ್ನೆ ಬಂದ್ರೆ ಊಹೆ ಮಾಡಿ ಕೈ ಆಡಿಸಬಾರದು. ಕೆಳಗೆ ಜನ ಇರ್ತಾರೆ. ಅದಕ್ಕೇ ಎಲ್ಲಾನೂ ಹಾಗೇ ಹಿಡ್ಕೊಂಡು ಕೂತೆ. ತಪ್ಪಾಗಿದ್ರೆ ಇಳಿದು ಬರ್ತೀನಿ."

ಮನೆಯಲ್ಲಿ ಮರೆತು ಬಂದ ನಗು ಹೇಗೋ ದಾರಿ ಹುಡುಕಿಕೊಂಡು ಪರೀಕ್ಷಕರ ಮುಖಕ್ಕೆ ಬಂತು.

"ಎಲ್ಲಾನೂ ಹಾಗೇ ಹಿಡ್ಕೊಂಡಿರು ಅನ್ನೋದೇ ಇದರ ಅರ್ಥ ಕಣಮ್ಮ! ನಿಮಗಿಂತ ಮೊದಲು ಬಂದ ಇಬ್ಬರೂ ಇದಕ್ಕೇ ಊಹೆ ಮಾಡಿ ಏನೇನೋ ಎಳೆದ್ರು. ಪಾಸು. ಇವತ್ತೇ ಇದನ್ನ ಕಲ್ತುಕೊಂಡು, ನನಗೆ ತೋರಿಸಿ ಮನೆಗೆ ಹೋಗಿ. ಈಗ ಆ ಕಟ್ಟು ಇಳಿಸಿ ಬನ್ನಿ, ಆಪರೇಟರಮ್ಮ."

ಚಾರ್ಟಪ್ಪನ ಕಣ್ಣಲ್ಲಿ ನೀರು ಬಂತು. ನೀರಿನ ಹಿಂದೆಯೇ ಹೆಮ್ಮೆ ಬಂತು. ಹೆಮ್ಮೆಯ ಹಿಂದೆಯೇ ಹಳೆಯ ಚಾಳಿಯೂ ಬಂತು. ಅವಳು ಇಷ್ಟೆಲ್ಲ ಕಲಿತದ್ದು ಯಾರ ಡಬ್ಬಿಯಿಂದ? ಡಬ್ಬಿ ಸ್ವಲ್ಪ ಅದಲುಬದಲಾಗಿರಬಹುದು, ಪದ್ಧತಿಯಲ್ಲಿ ದೋಷವಿದೆಯೇ? ಗೇಟು ತೆರೆದಿತ್ತು. ಸಿಮೆಂಟು ಹೆಪ್ಪುಗಟ್ಟಿದ ಕಾಲುಗಳನ್ನು ಮರಗಾಲಿನಂತೆ ಎತ್ತೆತ್ತಿ ಇಡುತ್ತ, ಎರಡೂ ಕೈ ಮೇಲೆತ್ತಿ, ಅಂಗಳದ ನಟ್ಟನಡುವಿಗೆ ನುಗ್ಗಿಯೇಬಿಟ್ಟ.

"ಗೆದ್ವಿ ಕಣೇ! ನಮ್ಮ ಪದ್ಧತಿ ಗೆದ್ದಿತು! ಸಾರ್, ಇವಳಿಗೆ ಕಲಿಸಿದ್ದು ನಾನೇ ಸಾರ್!"

ಭೋಂ ಎಂದು ಕ್ರೇನಿನ ಹಾರನ್ನು ಕಿವಿ ಹರಿಯುವಂತೆ ಕೂಗಿತು. ಇಳಿಯುತ್ತಿದ್ದ ತೊಲೆಗಳ ಕಟ್ಟು ಗಾಳಿಯಲ್ಲೇ ನಿಂತಿತು. ಚಾರ್ಟಪ್ಪ ಕತ್ತೆತ್ತಿ ನೋಡಿದ. ಕಟ್ಟು ಸರಿಯಾಗಿ ಅವನ ನೆತ್ತಿಯ ಮೇಲಿತ್ತು.

ಧ್ವನಿವರ್ಧಕ ಗೊರಗುಟ್ಟಿತು. ಹೊಸ ಆಪರೇಟರಿನ ಮೊಟ್ಟಮೊದಲ ಅಪ್ಪಣೆ ಹೊರಬಿತ್ತು.

"ಹೆಲ್ಮೆಟ್ ಇಲ್ಲದೆ ಕಟ್ಟಿನ ಕೆಳಗೆ ಬಂದಿರೋದು ಯಾರ್ರೀ ಅದು? ನಡೀರಿ ಆಚೆಗೆ!"

"ನಾನು ಕಣೇ! ನಾನು! ನಿನ್ನ ಗಂಡ!"

"ಗೊತ್ತು! ಗಂಡ ಆದವನು ಅಂತರ ಬಿಡದೆ ನುಗ್ಗಿದ್ರೆ ಅದನ್ನೇ ಗಂಡಾಂತರ ಅನ್ನೋದು! ಬೇಲಿ ಆಚೆ ಹೋಗಿ ನಿಂತ್ಕೊಳ್ರೀ!"